ಕಾರಣ ಬರೆಯದ ಕವರು

ನನ್ನ ಷಡ್ಡಕ ನಟರಾಜುವನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಿದರೂ ನೀವು ಕಂಡುಹಿಡಿದೇ ಹಿಡಿಯುತ್ತೀರಿ. ಮೂವತ್ತಾರು ವರ್ಷ ತಾಲ್ಲೂಕು ಕಚೇರಿಗಳಲ್ಲಿ ಕೂತು ಜನರ ಅರ್ಜಿ ಓದಿದವನಿಗೆ ಅಷ್ಟು ಗೊತ್ತಿರುತ್ತದೆ. ಹೊಟ್ಟೆಕಿಚ್ಚು ಪಡುವಂಥದ್ದು ಅವನ ಹತ್ತಿರ ಏನಿತ್ತು ಅಂತ ಕೇಳಿದರೆ ಮಾತ್ರ ಉತ್ತರ ಕೊಡುವುದು ಕಷ್ಟ. ಏನೂ ಇರಲಿಲ್ಲ. ನನ್ನ ಸಂಕಟವೇ ಅದು.

ನಟರಾಜು ನನ್ನ ಹೆಂಡತಿ ಕೃಪಾವತಿಯ ತಂಗಿ ದಯಾಮಣಿಯ ಗಂಡ. ಊರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ. ಅವನ ಅಪ್ಪ ಬೈರಯ್ಯ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದಾಗ ಹುಡುಗನಿಗೆ ಆಗಲೇ ಐದು ವರ್ಷ, ಇಟ್ಟ ಹೆಸರು ಹಾಗೇ ಉಳಿಯಿತು. ಇಲ್ಲಿ ಹೊಳೆನರಸೀಪುರದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಬ್ಯಾಗು, ಸೂಟ್‌ಕೇಸು, ಛತ್ರಿ ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ರಸ್ತೆ ಅಗಲ ಮಾಡುವಾಗ ಅದೂ ಹೋಯಿತು. ಮನೆಯ ಮುಂದೆ ಎರಡು ತಗಡು ಇಳಿಸಿ, ಅದರ ಕೆಳಗೆ ಹೊಲಿಗೆ ಮಷೀನು ಹಾಕಿಕೊಂಡು ಜಿಪ್ಪು ಹಾಕುತ್ತ ಕೂತ. ಮಕ್ಕಳಿಲ್ಲ. ಮನೆ ಬಾಡಿಗೆಯದು.

ನನ್ನ ಹೆಸರು ಜ್ಞಾನಮಿತ್ರ. ಶಿರಸ್ತೇದಾರನಾಗಿ ನಿವೃತ್ತನಾದೆ. ಇಲ್ಲಿ ಸ್ವಂತ ಮನೆ, ಹಾಸನದಲ್ಲಿ ಇನ್ನೊಂದು ಮನೆ. ಮಗಳು ಪ್ರಾರ್ಥನಾ ಚನ್ನರಾಯಪಟ್ಟಣದಲ್ಲಿ ಕಾಲೇಜು ಉಪನ್ಯಾಸಕಿ, ಅಳಿಯ ಬ್ಯಾಂಕಿನಲ್ಲಿ ಮ್ಯಾನೇಜರು. ನಮ್ಮ ಚರ್ಚಿನ ಸಭೆಗೆ ಹದಿನಾಲ್ಕು ವರ್ಷದಿಂದ ನಾನೇ ಕಾರ್ಯದರ್ಶಿ. ನಲವತ್ತೆರಡು ಮನೆಗಳ ಸಣ್ಣ ಸಭೆ ನಮ್ಮದು. ಸಣ್ಣದಾದರೇನು, ಭಾನುವಾರ ಬೆಳಿಗ್ಗೆ ಎದ್ದು ನಿಂತು ಪ್ರಕಟಣೆ ಓದುವಾಗ ನಲವತ್ತೆರಡು ಮನೆಯವರೂ ನನ್ನ ಬಾಯನ್ನೇ ನೋಡುತ್ತಿದ್ದರು.

ನಮ್ಮಲ್ಲಿ ಸ್ತುತಿ ಕಾಣಿಕೆಯ ಪದ್ಧತಿ ಇದೆ. ಮನೆಯಲ್ಲಿ ಒಳ್ಳೆಯದೇನಾದರೂ ನಡೆದರೆ ದೇವರಿಗೆ ವಂದನೆ ಹೇಳಿ ಒಂದು ಕವರಿನಲ್ಲಿ ಕಾಣಿಕೆ ಹಾಕಿ, ಮೇಲೆ ಹೆಸರನ್ನೂ ಕಾರಣವನ್ನೂ ಬರೆದು ಕೊಡುತ್ತಾರೆ. ಒಳಗೆ ಎಷ್ಟಿದೆ ಅನ್ನುವುದು ಖಜಾಂಚಿ ಪರಮೇಶ್‌ಗೆ ಬಿಟ್ಟ ವಿಷಯ. ಹೆಸರು, ಕಾರಣ ಓದುವುದು ನನ್ನ ಕೆಲಸ. ಮೊಮ್ಮಗುವಿಗೆ ಹಲ್ಲು ಬಂದ ಪ್ರಯುಕ್ತ. ಬೋರಿನಲ್ಲಿ ನೀರು ಬಿದ್ದ ಪ್ರಯುಕ್ತ. ಓದಿ ಮುಗಿಸಿದ ಮೇಲೆ ಸಭೆ ‘ಆಮೆನ್’ ಅನ್ನುತ್ತದೆ. ನನ್ನ ಮನೆಯಿಂದ ಒಂದೇ ವರ್ಷದಲ್ಲಿ ಹದಿಮೂರು ಕವರು ಕೊಟ್ಟದ್ದುಂಟು. ಹಾಸನದ ಮನೆಯ ಗೃಹಪ್ರವೇಶ, ಅಳಿಯನ ಪ್ರಮೋಷನ್, ಹೊಸ ಕಾರು. ಹೆಸರು ನನ್ನದು, ಓದುವವನೂ ನಾನೇ. ಸ್ವಲ್ಪ ನಿಧಾನವಾಗಿ ಓದಿಕೊಳ್ಳುತ್ತಿದ್ದೆ.

ಕಾರಿನ ಸಂತೋಷ ಎಷ್ಟು ದಿನ ಇತ್ತು ಅಂತ ಹೇಳಲೇ? ಎದುರು ಮನೆಯ ಸಿದ್ದೇಶ್ವರ ಅದಕ್ಕಿಂತ ದೊಡ್ಡ ಕಾರು ತಂದು ನಿಲ್ಲಿಸುವವರೆಗೆ. ಪ್ರಮೋಷನ್ನಿನ ಸಂತೋಷ, ಅಳಿಯನಿಗೆ ಬೀದರಿಗೆ ವರ್ಗವಾಗಬಹುದು ಅಂತ ಸುದ್ದಿ ಬರುವವರೆಗೆ. ಪ್ರತಿ ಸಲವೂ ಹೀಗೇ. ಬಂದದ್ದು ಹೋಗುತ್ತಿತ್ತು, ಮುಂದಿನದಕ್ಕೆ ನಾನು ಕಾಯುತ್ತ ಕೂರುತ್ತಿದ್ದೆ.

ನಟರಾಜು ಮಾತ್ರ ತಿಂಗಳ ಮೊದಲ ಭಾನುವಾರ ತಪ್ಪದೆ ಒಂದು ಕವರು ಕೊಡುತ್ತಿದ್ದ. ಅದರ ಮೇಲೆ ‘ಸ್ತುತಿ ಕಾಣಿಕೆ, ನಟರಾಜು ಮತ್ತು ದಯಾಮಣಿ’ ಅಂತ ಇಷ್ಟೇ. ಕಾರಣ ಇಲ್ಲ. ಅಂಗಡಿ ಕೆಡವಿದ ತಿಂಗಳು ನಾನು ಕಾದು ನೋಡಿದೆ. ಕವರು ಬಂತು. ದಯಾಮಣಿ ಜಾರಿ ಬಿದ್ದು ಕೈ ಮುರಿದುಕೊಂಡ ತಿಂಗಳೂ ಕಾದೆ. ಬಂತು. ಎರಡು ಸಲವೂ ಅವನು ಹಿಂದಿನ ಬೆಂಚಿನಲ್ಲಿ ಕೂತು, ಶ್ರುತಿ ತಪ್ಪಿದ ಗಂಟಲಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೀರ್ತನೆ ಹಾಡಿದ. ಅವನ ಮುಖದಲ್ಲಿ ಏನೋ ಒಂದು ಇತ್ತು. ನಗು ಅಲ್ಲ, ಅವನು ಅಷ್ಟೇನೂ ನಗುವವನಲ್ಲ. ಊಟ ಮಾಡಿ ಎದ್ದವನ ಮುಖದಲ್ಲಿ ಇರುತ್ತದಲ್ಲ, ಅಂಥದ್ದು. ಎಲ್ಲ ಇದ್ದೂ ನನಗೆ ಸಿಗದ್ದು ಏನೂ ಇಲ್ಲದ ಇವನಿಗೆ ಎಲ್ಲಿಂದ ಬಂತು ಅಂತ ನನ್ನ ಒಳಗೆಲ್ಲ ಕುದಿಯುತ್ತಿತ್ತು.

ಕುದಿತ ತಡೆಯಲಾರದೆ ಒಂದು ಉಪಾಯ ಮಾಡಿದೆ. ಹಾಸನದಲ್ಲಿ ಐನೂರು ಕವರು ಪ್ರಿಂಟ್ ಹಾಕಿಸಿದೆ. ಹೆಸರು, ವಿಳಾಸ, ಕಾರಣ ಅಂತ ಮೂರು ಗೆರೆ. ಕಾರಣ ಬರೆಯದ ಅರ್ಜಿ ಯಾವ ಕಚೇರಿಯಲ್ಲಿ ಮುಂದೆ ಹೋಗುತ್ತದೆ? ಮುಂದಿನ ತಿಂಗಳು ನಟರಾಜು ಮೊದಲ ಗೆರೆ ತುಂಬಿದ, ಎರಡನೆಯದು ತುಂಬಿದ, ಮೂರನೆಯದು ಖಾಲಿ ಬಿಟ್ಟ. ಆರಾಧನೆ ಮುಗಿದ ಮೇಲೆ ಅವನನ್ನು ಗೇಟಿನ ಹತ್ತಿರ ಹಿಡಿದೆ.

“ಏನಯ್ಯಾ ನಟರಾಜು, ಕಾರಣದ ಜಾಗ ಖಾಲಿ ಬಿಟ್ಟಿದ್ದೀಯಲ್ಲ?”

“ಬರೆಯಾಕೆ ಅಂಥದ್ದೇನೂ ಆಗಿಲ್ಲ ಕಣಣ್ಣ.”

“ಏನೂ ಆಗಿಲ್ಲ ಅಂದ ಮೇಲೆ ಸ್ತುತಿ ಯಾತಕ್ಕೆ?”

ಅವನು ಚಪ್ಪಲಿಗೆ ಕಾಲು ತೂರಿಸುತ್ತ ನಿಜವಾಗಿಯೂ ಯೋಚನೆ ಮಾಡಿದ. “ಏನಾರ ಆಗೋವರ್ಗೂ ಕಾಯ್ಕಂಡು ಕುಂತ್ಕಂಡ್ರೆ ನಾನು ಯಾವತ್ತು ಕೊಡಾದು? ಅದ್ಕೇ ಅಂಗೇ ಕೊಟ್ಬುಡ್ತೀನಿ” ಅಂದ.

ನಾನು ಪಾದ್ರಿಗಳ ಹತ್ತಿರ ಹೋಗಿ ದೂರು ಹೇಳಿದೆ. ಅವರು ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. “ಸಂತೋಷಕ್ಕೆ ಕಾರಣ ಬೇಕು ಸರ್, ಅದು ಹೋದರೆ ಸಂತೋಷವೂ ಹೋಗುತ್ತೆ. ಕರ್ತನಲ್ಲಿ ಸಿಗೋ ಆನಂದ ಬೇರೆ. ನಟರಾಜು ಕೊಡೋದು ಅದಕ್ಕಿರಬೇಕು, ಬಿಟ್ಟುಬಿಡಿ” ಅಂದರು. ಹದಿನಾಲ್ಕು ವರ್ಷ ಸಭೆಗೆ ದುಡಿದ ನನಗೆ, ಜಿಪ್ಪು ಹಾಕುವವನನ್ನು ತೋರಿಸಿ ಪಾಠ ಹೇಳುತ್ತಾರೆ! ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಈ ವರ್ಷ ಜನವರಿಯಲ್ಲಿ ದಯಾಮಣಿಗೆ ಕಾಮಾಲೆಯಾಯಿತು. ಹೊಟ್ಟೆನೋವು, ಹಳದಿ ಕಣ್ಣು. ಹಾಸನದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದಳು. ವಾರವಾರವೂ ನಾನು ಟೈಪ್ ಮಾಡಿ ಗೋಡೆಗೆ ಹಚ್ಚುವ ಪ್ರಾರ್ಥನಾ ಪಟ್ಟಿಯಲ್ಲಿ ಅವಳ ಹೆಸರು ಸೇರಿಸಿದ್ದೆ. ಪಟ್ಟಿ ನೋಡಿಕೊಂಡು ಸಭೆಯವರು ತಮ್ಮ ತಮ್ಮ ಮನೆಗಳಲ್ಲಿ ಪ್ರಾರ್ಥನೆ ಮಾಡುತ್ತಾರೆ. ಕೃಪಾವತಿ ದಿನ ಬಿಟ್ಟು ದಿನ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಬರುತ್ತಿದ್ದಳು. ಫೆಬ್ರವರಿಯ ಮೊದಲ ಶನಿವಾರ ತಂಗಿಯ ಮನೆಯಿಂದ ಬಂದವಳನ್ನು ‘ಹೇಗಿದ್ದಾಳೆ?’ ಅಂತ ಕೇಳಿದೆ. “ಮನೆಗೆ ಕಳಿಸಿದ್ರು” ಅಂತ ಅಷ್ಟೇ ಹೇಳಿ ಒಳಗೆ ಹೋದಳು.

ಮನೆಗೆ ಕಳಿಸಿದರು ಅಂದರೆ ವಾಸಿಯಾಯಿತು ಅಂತ. ನನ್ನ ಲೆಕ್ಕದಲ್ಲಿ ಆ ಕಡತ ಅಲ್ಲಿಗೆ ಮುಗಿದಿತ್ತು.

ಮಾರನೇ ದಿನ ದಯಾಮಣಿ ಆಟೋದಲ್ಲಿ ಬಂದು ಹೆಂಗಸರ ಕಡೆ ಮೂರನೇ ಬೆಂಚಿನಲ್ಲಿ ಕೂತಳು. ಗಿಳಿಹಸಿರು ಸೀರೆ ಉಟ್ಟಿದ್ದಳು. ಸೊರಗಿದ್ದಳು, ಆದರೆ ಪುಸ್ತಕ ತೆಗೆದು ಹಾಡುತ್ತಿದ್ದಳು. ನಾನು ಪ್ರಕಟಣೆಯ ಹೊತ್ತು ಬರುವ ಮುಂಚೆ ಒಳಗಿನ ಕೋಣೆಯಲ್ಲಿ ಕವರುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮೂರು ಕವರು. ನಡುವಿನದು ನಟರಾಜುವಿನದು, ಮೂರನೇ ಗೆರೆ ಖಾಲಿ.

ಹೆಂಡತಿ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಾಳೆ, ಆಗಲೂ ಕಾರಣ ಬರೆಯುವುದಿಲ್ಲವಂತೆ! ಎಷ್ಟು ಅಹಂಕಾರ! ನಾವೆಲ್ಲ ಕಾರಣಕ್ಕೆ ಕೊಡುವವರು, ಇವನೊಬ್ಬ ಸುಮ್ಮನೆ ಕೊಡುವವನು. ನನಗೆ ಆ ಹೊತ್ತು ಏನು ಬೇಕಾಗಿತ್ತು ಅಂದರೆ, ಅವನು ನನ್ನ ಹಾಗೆ ಆಗಬೇಕಾಗಿತ್ತು. ಒಳ್ಳೆಯದು ನಡೆದಾಗ ಕುಣಿಯುವವನು, ನಡೆಯದಾಗ ಸೊರಗುವವನು. ಪೆನ್ನು ತೆಗೆದು ಖಾಲಿ ಗೆರೆಯಲ್ಲಿ ನನ್ನದೇ ಅಕ್ಷರದಲ್ಲಿ ಬರೆದೆ: ‘ದಯಾಮಣಿಯವರು ಸಂಪೂರ್ಣ ಗುಣಮುಖರಾಗಿ ಮನೆಗೆ ಮರಳಿದ ಪ್ರಯುಕ್ತ.’ ಬರೆದು ನೋಡಿದೆ. ಮನಸ್ಸಿಗೆ ಬಹಳ ಹಿತವಾಯಿತು.

ಅಂದು ನಮ್ಮ ಪಾದ್ರಿಗಳು ಅರಕಲಗೂಡಿನ ಸಭೆಗೆ ಹೋಗಿದ್ದರು; ಹಾಸನದಿಂದ ಒಬ್ಬ ಹೊಸ ಬೋಧಕರು ಬಂದಿದ್ದರು. ನಾನು ಎದ್ದು ಓದಿದೆ. ‘ಸಂಪೂರ್ಣ ಗುಣಮುಖರಾಗಿ’ ಅನ್ನುವುದನ್ನು ಒತ್ತಿ ಓದಿದೆ. ಅಷ್ಟಕ್ಕೇ ಬಿಡದೆ, ಅವರ ಹೆಸರನ್ನು ಪ್ರಾರ್ಥನಾ ಪಟ್ಟಿಯಿಂದ ಕೃತಜ್ಞತೆಯೊಂದಿಗೆ ತೆಗೆಯಲಾಗಿದೆ ಎಂದೂ ಸೇರಿಸಿದೆ. ಹದಿನಾಲ್ಕು ವರ್ಷದಲ್ಲಿ ಅಷ್ಟು ಜೋರಾದ ಆಮೆನ್ ನಾನು ಕೇಳಿರಲಿಲ್ಲ. ಮುದುಕಿ ಬೆಟ್ಟಮ್ಮ ಚಪ್ಪಾಳೆ ತಟ್ಟಿಬಿಟ್ಟಳು.

ನಟರಾಜು ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ಹೆಂಗಸರ ಕಡೆ ನೋಡಿದ. ದಯಾಮಣಿಯ ಮುಖ ಒಂದು ಗಳಿಗೆ ಪೂರ್ತಿ ಅರಳಿತ್ತು. ಗಂಡನ ಮುಖ ಕಂಡ ಮೇಲೆ ಅವಳು ಮೆಲ್ಲಗೆ ಪುಸ್ತಕಕ್ಕೆ ಕಣ್ಣು ತಗ್ಗಿಸಿದಳು. ಆರಾಧನೆ ಮುಗಿಯುತ್ತಲೇ ಜನ ಅವಳನ್ನು ಮುತ್ತಿಕೊಂಡರು. ಬೆಟ್ಟಮ್ಮ ಕೆನ್ನೆ ಸವರಿದಳು, ಯಾರೋ ತಬ್ಬಿಕೊಂಡರು. ಕೃಪಾವತಿ ಮಾತ್ರ ನನ್ನ ಮುಂದೆಯೇ ಹಾದು, ಅಲ್ಲೇ ನಿಂತಿದ್ದ ನಮ್ಮ ಕಾರನ್ನು ದಾಟಿ, ಒಂದು ಆಟೋ ಹತ್ತಿ ಹೊರಟುಹೋದಳು.

ಮನೆಗೆ ಬಂದಾಗ ಅಡುಗೆಮನೆಯ ನೆಲದ ಮೇಲೆ ಕೂತು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

“ವಾಸಿಯಾಗಿದೆ ಅಂತ ನಿಮಗೆ ಹೇಳಿದ್ದು ಯಾರು?”

“ಮನೆಗೆ ಕಳಿಸಿದ್ರು ಅಂತ ನೀನೇ ಅಲ್ವಾ ಹೇಳಿದ್ದು?”

“ಇನ್ನೇನೂ ಮಾಡೋಕಾಗಲ್ಲ ಅಂತ ಕಳಿಸಿದ್ರು. ಪಿತ್ತಕೋಶದಲ್ಲಿ ಕ್ಯಾನ್ಸರ್. ಲಿವರಿಗೆ ಹಬ್ಬಿಬಿಟ್ಟಿದೆ. ಎರಡು ತಿಂಗಳೋ ಮೂರು ತಿಂಗಳೋ ಅಂದ್ರು.”

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. “ಇಷ್ಟೆಲ್ಲ ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ?”

ಅವಳು ಒಂದು ಕಾಳು ಹಿತುಕಿದಳು. ಇನ್ನೊಂದು ಹಿತುಕಿದಳು.

“ನಿಮಗೆ ಖುಷಿ ಆಗುತ್ತೇನೋ ಅಂತ ಭಯ ಆಯ್ತು.”

“ನಾನೇನು ರಾಕ್ಷಸನೇನೇ?” ಅಂತ ಕೂಗಿದೆ.

“ರಾಕ್ಷಸ ಅಂತ ನಾನಂದ್ನಾ? ಅವರ ಅಂಗಡಿ ಕೆಡವಿದ ದಿನ ನೀವು ಬಚ್ಚಲಲ್ಲಿ ಹಾಡು ಹೇಳ್ಕೊಂಡು ಸ್ನಾನ ಮಾಡಿದ್ರಿ. ಮೂವತ್ತು ವರ್ಷದಲ್ಲಿ ನೀವು ಬಚ್ಚಲಲ್ಲಿ ಹಾಡಿದ್ದು ಅವತ್ತೊಂದೇ ದಿನ. ದಯಾ ಕೈ ಮುರ್ಕೊಂಡ ದಿನ ಸಂಜೆ ಜಿಲೇಬಿ ತಂದ್ರಿ. ಯಾಕೆ ತಂದ್ರಿ ಅಂತ ನಿಮಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ. ನಾನು ತಿಂದೆ. ಆದರೆ ಇದು ನನ್ನ ತಂಗಿ ಸಾಯೋ ವಿಷಯ ಕಣ್ರೀ. ಇದಕ್ಕೆ ನೀವು ಹಾಡೋದನ್ನ ಕೇಳೋ ಶಕ್ತಿ ನನಗಿಲ್ಲ.”

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಬಹುದಿತ್ತು. ಹೊರಗೆ ಬಂದು ಕುರ್ಚಿಯಲ್ಲಿ ಕೂತು, ಅವಳು ಹೇಳಿದ್ದು ಸುಳ್ಳು ಅಂತ ನನಗೆ ನಾನೇ ವಾದ ಮಾಡಿಕೊಂಡೆ. ವಾದ ಬಿದ್ದುಹೋಯಿತು. ಕ್ಯಾನ್ಸರ್ ಅನ್ನುವ ಶಬ್ದ ಕಿವಿಗೆ ಬಿದ್ದ ಗಳಿಗೆಯಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು, ‘ಇನ್ನು ಆ ಕವರು ನಿಲ್ಲುತ್ತದೆ’ ಅನ್ನುವ ಯೋಚನೆ ನನ್ನೊಳಗೆ ಹಾದುಹೋಗಿತ್ತು. ಅದರ ಬೆನ್ನಿಗೆ ಒಂದು ಬೆಚ್ಚನೆಯ ಸಂತೋಷ. ಹೆಂಡತಿ ನನ್ನನ್ನು ಸರಿಯಾಗಿಯೇ ಓದಿದ್ದಳು. ಅಂಥ ಮನುಷ್ಯನ ಜೊತೆ ಒಂದು ಮನೆಯಲ್ಲಿ ಬದುಕುತ್ತ, ತನ್ನ ದುಃಖವನ್ನು ಅವನ ಕಣ್ಣಿಗೆ ಬೀಳದ ಹಾಗೆ ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಸೋಮವಾರ ಬೆಳಿಗ್ಗೆ ನಟರಾಜುವಿನ ಮನೆಗೆ ಹೋದೆ. ಮುಂದಿನ ತಗಡಿನ ಕೆಳಗೆ ಮಷೀನಿಗೆ ಬಟ್ಟೆ ಹೊದಿಸಿತ್ತು. ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋದರೆ ಅವನು ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೆಂಡತಿಯ ಹಾಸಿಗೆ ಬಟ್ಟೆ ತೊಳೆಯುತ್ತಿದ್ದ. ಅಳುತ್ತಿದ್ದ. ಬಾಯಿ ತೆರೆದುಕೊಂಡು, ಸಣ್ಣ ಮಕ್ಕಳ ಹಾಗೆ ಮೂಗು ಸುರಿಸಿಕೊಂಡು ಅಳುತ್ತಿದ್ದ.

ಕ್ಷಮೆ ಕೇಳಲು ಹೋದವನು ನಾನು. ಆದರೂ ಮೊದಲು ಬಂದ ಯೋಚನೆ ‘ಸಿಕ್ಕಿಬಿದ್ದ’ ಅನ್ನುವುದೇ. ಕೊನೆಗೂ ಇವನೂ ಅಳುತ್ತಾನೆ. ಇವನ ಆನಂದವೂ ನನ್ನ ಕಾರಿನ ಸಂತೋಷದ ಹಾಗೆಯೇ. ಹಳೇ ಚಾಳಿ ಒಂದೇ ಬೆಳಿಗ್ಗೆಗೆ ಬಿಡುತ್ತದೆಯೇ?

ಅವನು ನನ್ನನ್ನು ನೋಡಿ ತೋಳಿನಿಂದ ಮುಖ ಒರೆಸಿಕೊಂಡ. “ಬಾಣ್ಣ. ಕುಂತ್ಕ.”

“ನಟರಾಜು, ನಿನ್ನೆ ಆ ಕವರಿನ ಮೇಲೆ ನಾನೇ ಬರೆದೆ.”

“ಗೊತ್ತಾಯ್ತು ಬುಡಣ್ಣ. ನಿನ್ನ ಅಕ್ಷರ ನಂಗೆ ಗೊತ್ತಿಲ್ವಾ?”

“ಕೇಳಬಾರದು, ಕೇಳ್ತೀನಿ. ಇಷ್ಟು ಅಳ್ತಿದ್ದೀಯಲ್ಲ, ಬರೋ ತಿಂಗಳು ಕವರು ಕೊಡ್ತೀಯಾ?”

ಅವನು ಬಟ್ಟೆ ಹಿಂಡಿ ತಂತಿಯ ಮೇಲೆ ಹಾಕಿದ. ಸಿಟ್ಟು ಮಾಡಿಕೊಳ್ಳುತ್ತಾನೆ ಅಂದುಕೊಂಡೆ.

“ದುಃಖ ಐತೆ ಕಣಣ್ಣ. ಸುಳ್ಳು ಯಾಕೇಳಾದು, ಎದೆ ಒಡ್ದೋಗ್ತೈತೆ. ಇವಳಿಲ್ದೆ ಎಂಗಿರಾದು ಅಂತ ಒಂದೂ ತಿಳೀತಾ ಇಲ್ಲ. ಆದ್ರೆ ದೇವ್ರು ನನ್ನ ಕೈ ಬುಟ್ಟ ಅಂತ ಮಾತ್ರ ಅನ್ನಿಸ್ತಾ ಇಲ್ಲ. ಅಂಗೆ ಅನ್ನಿಸ್ದೆ ಇದ್ಮ್ಯಾಕೆ ಕೊಡ್ದೆ ಎಂಗಿರ್ಲಿ? ಎರಡೂ ಒಟ್ಟಿಗೇ ಐತೆ. ಒಂದು ಬಂತು ಅಂತ ಇನ್ನೊಂದು ಎದ್ದೋಗಿಲ್ಲ.”

ಒಳಗಿನಿಂದ ದಯಾಮಣಿ ಕರೆದಳು. “ಯಾರ್ರೀ ಅದು, ಭಾವ ಬಂದವ್ರಾ? ಒಳೀಕೆ ಕಳ್ಸಿ.”

ಕಿಟಕಿಯ ಪಕ್ಕ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕಣ್ಣಿನ ಬಿಳಿಯೆಲ್ಲ ಅರಿಶಿನ. ನಾನು ಸ್ಟೂಲಿನ ಮೇಲೆ ಕೂತು ಏನು ಹೇಳಬೇಕು ಅಂತ ಹುಡುಕುವಷ್ಟರಲ್ಲಿ ಅವಳೇ ಶುರು ಮಾಡಿದಳು.

“ನೀವು ಓದ್ದಾಗ ಏನಾಯ್ತು ಗೊತ್ತಾ ಭಾವ? ನಾನೂ ನಂಬ್ಬುಟ್ಟೆ. ಡಾಕ್ಟ್ರು ಏನೋ ಒಸ್ದಾಗಿ ಫೋನ್ ಮಾಡವ್ರೆ, ಇವ್ರು ನಂಗೆ ಆಮೇಲೆ ಯೋಳಾನ ಅಂತ ಇಟ್ಕಂಡವ್ರೆ ಅನ್ಕಂಡೆ. ಏನ್ ಖುಷಿ ಅಂತೀರಾ! ಈ ಸಲ ಎಷ್ಟು ಮಿಡಿಗಾಯಿ ಉಪ್ಪಿನಕಾಯಿ ಆಕ್ಬೇಕು ಅಂತಾನೂ ಅನ್ಕಂಬುಟ್ಟೆ. ಆಮ್ಯಾಕೆ ಇವ್ರ ಮುಖ ನೋಡ್ದೆ. ಓಯ್ತು.”

“ತಪ್ಪಾಯ್ತು ದಯಾ.”

“ಪೂರ್ತಿ ಕೇಳಿ. ಆ ಖುಷಿ ಓಯ್ತಲ್ಲ, ಆಗ ನಂಗೇ ದಿಗಿಲಾಯ್ತು. ಇದ್ರ ಜೊತೆಗೆ ನನ್ನ ಅತ್ರ ಮುಂಚಿಂದ ಇದ್ದಿದ್ದೂ ಒಂಟೋಯ್ತಾ ಅಂತ ಒಳಗೇ ತಡಕಾಡ್ದೆ. ಇತ್ತು ಭಾವ. ಅಲ್ಲೇ ಇತ್ತು. ಅಷ್ಟು ಗಟ್ಟಿಯಾಗಿ ಐತೆ ಅಂತ ನಂಗೇ ಗೊತ್ತಿರ್ನಿಲ್ಲ. ನಿಮ್ಮಿಂದ್ಲೇ ಗೊತ್ತಾಗಿದ್ದು.”

“ಏನದು ದಯಾ?” ಅಂತ ಕೇಳಿದೆ. ನನ್ನ ಧ್ವನಿ ನನಗೇ ಭಿಕ್ಷೆ ಕೇಳುವವನ ಧ್ವನಿಯ ಹಾಗೆ ಕೇಳಿಸಿತು.

“ಪಾದ್ರಿಗಳು ಆನಂದ ಅಂತಾರೆ. ಅಷ್ಟು ದೊಡ್ಡ ಮಾತು ನಂಗೆ ಬರಲ್ಲ. ನೋವು ಬಂದ್ರೆ ಕಿರುಚ್ಕತೀನಿ, ಇವ್ರನ್ನ ಸುಮ್ ಸುಮ್ನೆ ಬೈತೀನಿ. ಆದ್ರೂ ನಾನು ಒಬ್ಳೇ ಇವ್ನಿ ಅನ್ನಿಸಲ್ಲ. ಕರ್ತ ಈ ಮಂಚದ ಮಗ್ಗುಲಲ್ಲೇ ಕುಂತವ್ನೆ ಅನ್ನಿಸ್ತದೆ. ಕರ್ಕಂಡೋಗೋವರ್ಗೂ ಎದ್ದೋಗಲ್ಲ ಅನ್ನಿಸ್ತದೆ. ಅಷ್ಟೇ.”

ಸಾಯುವ ಹೆಂಗಸಿನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾನು ಪಟ್ಟೆ. ಎರಡು ಮನೆ, ಒಂದು ಕಾರು, ನೆಟ್ಟಗಿರುವ ಲಿವರು ಎಲ್ಲವನ್ನೂ ಆ ಸ್ಟೂಲಿನ ಮೇಲೆ ಬಿಟ್ಟು, ಅವಳ ಹತ್ತಿರ ಇದ್ದದ್ದನ್ನು ಕಿತ್ತುಕೊಂಡು ಓಡಿಹೋಗೋಣ ಅನ್ನಿಸಿತು. ಕಿತ್ತುಕೊಳ್ಳುವಂಥದ್ದಲ್ಲ ಅಂತ ಗೊತ್ತಿದ್ದರಿಂದ ಇನ್ನೂ ಉರಿಯಿತು.

“ಒಂದು ಉಪ್ಕಾರ ಮಾಡಿ ಭಾವ” ಅಂದಳು. “ನನ್ನೆಸ್ರು ವಾಪಸ್ ಪಟ್ಟಿಗೆ ಆಕಿ. ವಾಸಿ ಆಯ್ತು ಅಂತ ಎಲ್ಲಾ ಪ್ರಾರ್ಥನೆ ನಿಲ್ಸಿಬುಟ್ಟವ್ರೆ. ನಿನ್ನೆ ಸಂಜೆ ಬೆಟ್ಟಮ್ಮ ಫೋನ್ ಮಾಡಿ ಈಸ್ಟರ್ ಅಬ್ಬಕ್ಕೆ ಹೆಂಗಸ್ರಿಗೆ ಆಡು ಯೋಳ್ಕೊಡು ಬಾ ಅಂತಾಳೆ. ಏನಂತ ಯೋಳಾದು? ನಂಗೆ ಅವ್ರ ಪ್ರಾರ್ಥನೆ ಬೇಕು. ಜನ ಕೇಳಿದ್ರೆ ಕಣ್ತಪ್ಪಾಯ್ತು ಅನ್ನಿ, ಯಾರೂ ಏನೂ ಅನ್ಕಳಲ್ಲ.”

ನನಗೆ ಅವಳು ಬಾಗಿಲು ತೆರೆದುಕೊಟ್ಟಿದ್ದಳು. ಆ ವಾರ ಕೂತು ಒಂದು ತಿದ್ದುಪಡಿ ಟೈಪ್ ಮಾಡಿದೆ. ‘ಕಳೆದ ಭಾನುವಾರದ ಪ್ರಕಟಣೆಯಲ್ಲಿ ಕಣ್ತಪ್ಪಿನಿಂದ...’ ಅಂತ ನಾಲ್ಕು ಸಾಲು. ಅಚ್ಚುಕಟ್ಟಾದ ಒಕ್ಕಣೆ. ಯಾರ ಮೇಲೂ ತಪ್ಪು ಬರದ ಹಾಗೆ ಬರೆಯುವುದು ನನಗೆ ಮೂವತ್ತಾರು ವರ್ಷದ ಅಭ್ಯಾಸ.

ಭಾನುವಾರ ಎದ್ದು ನಿಂತೆ. ಪಾದ್ರಿಗಳು ಇದ್ದರು. ನಟರಾಜು ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತಿದ್ದ. ದಯಾಮಣಿಗೆ ಬರಲು ಆಗಿರಲಿಲ್ಲ. ಕೃಪಾವತಿ ತಲೆ ತಗ್ಗಿಸಿ ಸೆರಗಿನ ಅಂಚು ನೋಡುತ್ತ ಕೂತಿದ್ದಳು. ನನ್ನ ಕೈಯಲ್ಲಿದ್ದ ಹಾಳೆಯನ್ನು ಅವಳಿಗೆ ನಾನು ತೋರಿಸಿರಲಿಲ್ಲ. ಆದರೂ ಅದರಲ್ಲಿ ಏನಿರುತ್ತದೆ ಅಂತ ಅವಳಿಗೆ ಗೊತ್ತಿತ್ತು, ತಲೆ ತಗ್ಗಿಸಿದ್ದು ಅದಕ್ಕೇ. ನಾನು ಸುಳ್ಳು ಹೇಳುವುದನ್ನು ನೋಡಬಾರದು ಅಂತ.

ಹಾಳೆ ಮಡಚಿ ಜೇಬಿಗೆ ಹಾಕಿದೆ.

“ದಯಾಮಣಿಗೆ ವಾಸಿಯಾಗಿಲ್ಲ” ಅಂದೆ. “ಕ್ಯಾನ್ಸರ್. ಆಸ್ಪತ್ರೆಯವರು ಆಗಲ್ಲ ಅಂತ ಕಳಿಸಿದ್ದಾರೆ. ಕವರಿನ ಮೇಲೆ ನಟರಾಜು ಕಾರಣ ಬರೆದಿರಲಿಲ್ಲ. ಬರೆದವನು ನಾನು. ಕಣ್ತಪ್ಪಲ್ಲ. ಹೊಟ್ಟೆಕಿಚ್ಚಿಗೆ ಬರೆದೆ. ಏನೂ ಇಲ್ಲದೆ ಅವರು ದೇವರನ್ನು ಸ್ತುತಿಸೋದನ್ನ ನನ್ನ ಕೈಲಿ ನೋಡೋಕಾಗಲಿಲ್ಲ. ನಿಮ್ಮ ಪ್ರಾರ್ಥನೆಯನ್ನು ಅವರಿಂದ ತಪ್ಪಿಸಿದೆ. ದಯವಿಟ್ಟು ಮತ್ತೆ ಶುರು ಮಾಡಿ.”

ಯಾರೂ ಆಮೆನ್ ಅನ್ನಲಿಲ್ಲ. ಎಲ್ಲ ಹೇಳಿಕೊಂಡ ಮೇಲೆ ಮನಸ್ಸು ಹಗುರವಾಗುತ್ತದೆ ಅನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ, ಹೋಗಿ ನನ್ನ ಬೆಂಚಿನಲ್ಲಿ ಕೂತೆ. ಆಮೇಲೆ ಪಾದ್ರಿಗಳು ಎದ್ದು ಬಂದು ದಯಾಮಣಿಗಾಗಿ ಪ್ರಾರ್ಥನೆ ಮಾಡಿದರು. ಮುಂದಿನ ವಾರದಿಂದ ಪ್ರಕಟಣೆ ಓದುವ ಕೆಲಸ ಪರಮೇಶ್‌ಗೆ ಹೋಯಿತು. ಅವನು ಬೇಕೆಂದೇ ನಿಧಾನವಾಗಿ ಓದುತ್ತಾನೆ ಅಂತ ನನಗೆ ಅನ್ನಿಸುತ್ತಿತ್ತು. ಆ ಉರಿಯೂ ಸ್ವಲ್ಪ ದಿನ ಇತ್ತು.

ಕೃಪಾವತಿ ಅಂದು ಸಂಜೆ ಒಂದು ಚೀಲಕ್ಕೆ ನಾಲ್ಕು ಸೀರೆ ತುಂಬಿಕೊಂಡು ತಂಗಿಯ ಮನೆಗೆ ಹೋದಳು. ಅಲ್ಲೇ ಉಳಿದಳು. ನಾನು ದಿನಾ ಮಧ್ಯಾಹ್ನ ಹೋಗುತ್ತಿದ್ದೆ. ಮೊದಲ ವಾರ ಔಷಧಿ ತಂದುಕೊಟ್ಟು ಹೊರಗೇ ನಿಂತೆ. ಆಮೇಲೆ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕೆಲಸ ನನಗೆ ಬಂತು. ನಟರಾಜು 'ನಿಂಗ್ಯಾಕಣ್ಣ' ಅಂದ, ನಾನು ಕೇಳಲಿಲ್ಲ. ಮಾರ್ಚ್ ಮೊದಲ ಭಾನುವಾರ ಅವನ ಕವರು ಬಂತು. ಪರಮೇಶ್ ಹೆಸರು ಮಾತ್ರ ಓದಿ ಮುಂದೆ ಹೋದ.

ಮಾರ್ಚ್ ಮೂರನೇ ವಾರ ಒಂದು ಬೆಳಿಗ್ಗೆ ಹಾಸನದ ಮನೆಯ ನಲ್ಲಿ ಸರಿ ಮಾಡಿಸಲು ಹೋಗಿದ್ದೆ. ಹತ್ತು ಗಂಟೆಯ ಹೊತ್ತಿಗೆ ಫೋನು ಬಂತು. ಕೃಪಾವತಿ. ‘ರೀ’ ಅಂದವಳಿಗೆ ಮುಂದೆ ಮಾತು ಹೊರಡಲಿಲ್ಲ. ನನಗೆ ತಿಳಿಯಿತು. ಮೆಟ್ಟಿಲ ಮೇಲೆ ಕೂತೆ.

“ಹೋಗ್ಬಿಟ್ಲು ಕಣ್ರೀ. ಈಗ, ಐದು ನಿಮಿಷ ಆಯ್ತು. ನೀರು ಕೇಳಿದ್ಲು, ಕುಡಿದ್ಲು, ನನ್ನ ಕೈ ಹಿಡ್ಕೊಂಡಿದ್ಲು.”

ಅವಳು ಅಳತೊಡಗಿದಳು. ಮೂವತ್ತು ವರ್ಷದಲ್ಲಿ ನನ್ನೆದುರು ಅವಳು ಹಾಗೆ ಅತ್ತದ್ದು ನಾನು ನೋಡಿರಲಿಲ್ಲ. ಬಾಯಿ ಬಿಟ್ಟು, ತಡೆಯಿಲ್ಲದೆ. ಅಳಬೇಡ ಅಂತ ನಾನು ಅನ್ನಲಿಲ್ಲ. ನನಗೂ ಅಳು ಬಂತು. ದಯಾಮಣಿ ಹೋದಳು ಅಂತ ಬಂದ ಅಳು ಅದು, ಬೇರೆ ಯಾವುದೂ ಅದರಲ್ಲಿ ಬೆರೆತಿರಲಿಲ್ಲ. ನಾನು ಹುಡುಕಿ ನೋಡಿದೆ. ನಲ್ಲಿ ರಿಪೇರಿಯವನು ಸ್ಪ್ಯಾನರು ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದ. ಅಷ್ಟು ದುಃಖದ ಒಳಗೆ, ನನ್ನ ಪಕ್ಕದ ಮೆಟ್ಟಿಲ ಮೇಲೆ ಯಾರೋ ಬಂದು ಕೂತ ಹಾಗಿತ್ತು. ಎದ್ದು ಹೋಗುವ ಅವಸರವೇನೂ ಇಲ್ಲದ ಯಾರೋ.

“ಪಾದ್ರಿಗಳಿಗೆ ಹೇಳಿದ್ರಾ?” ಅಂತ ಕೇಳಿದೆ.

“ಇಲ್ಲ” ಅಂದಳು ಕೃಪಾವತಿ. “ಮಗಳಿಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಮೊದಲು ನಿಮಗೇ ಮಾಡಿದೆ. ಬೇಗ ಬನ್ನಿ.”